ನಾಯಿಗೆ ಪಶ್ಚಾತ್ತಾಪವುಂಟೆ?

"ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬೂದುಗುಂಬಳವನ್ನು ಹೊತ್ತು ತಂದವನ ಹೆಗಲ ಮೇಲೆ ಅದರ ಬೂದಿ ಉಳಿದಿರಲಿ ಬಿಡಲಿ, ಕಳ್ಳನೆಂಬ ಮಾತು ಕಿವಿಗೆ ಬಿದ್ದೊಡನೆ ಅವನ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತದೆ. ಒಳಗೆ ಅಡಗಿದ ಅಪರಾಧವು ಹೊರಗಿನ ಚೇಷ್ಟೆಯಲ್ಲಿ ಬಯಲಾಗುತ್ತದೆಂಬುದು ಇದರ ತಾತ್ಪರ್ಯ. ಈ ನ್ಯಾಯವನ್ನು ನಾವು ಮನುಷ್ಯರಿಗೆ ಮಾತ್ರವಲ್ಲದೆ ಮನೆಯ ನಾಯಿಗೂ ಅನ್ವಯಿಸುತ್ತ ಬಂದಿದ್ದೇವೆ. ಹಾಲಿನ ಪಾತ್ರೆ ಉರುಳಿರುತ್ತದೆ, ಅಥವಾ ಹೊಸ ಚಪ್ಪಲಿ ಚಿಂದಿಯಾಗಿರುತ್ತದೆ; ನಾಯಿಯು ಕಿವಿಯನ್ನು ಹಿಂದಕ್ಕೊತ್ತಿ, ಬಾಲವನ್ನು ಮುದುರಿ, ನಮ್ಮ ಕಣ್ಣನ್ನು ತಪ್ಪಿಸಿ ಮೂಲೆ ಸೇರುತ್ತದೆ. "ಅದರ ಮುಖವೇ ಹೇಳುತ್ತಿದೆ!" ಎಂದು ನಾವು ತೀರ್ಪು ಕೊಡುತ್ತೇವೆ. ಆ ಮುಖವು ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆಯು ನನಗೆ ಗ್ರಂಥಾಲಯದಲ್ಲಿ ಹುಟ್ಟಿದುದಲ್ಲ. ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನದು. ರೇಷ್ಮೆಯೇ ನಮ್ಮ ಮನೆಯ ಅನ್ನ. ಒಂದು ಬೆಳೆಯಲ್ಲಿ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಚಂದ್ರಿಕೆಗಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಎಲ್ಲರೂ ತೋಟಕ್ಕೆ ಹೋಗಿದ್ದೆವು. ಹಿಂದಿರುಗಿ ಬಂದು ನೋಡಿದರೆ ಒಂದು ಚಂದ್ರಿಕೆ ಬೋರಲು ಬಿದ್ದು, ಗೂಡು ಕಟ್ಟಬೇಕಾದ ಹುಳುಗಳು ನೆಲದ ಮೇಲೆ ಚೆಲ್ಲಾಡಿದ್ದವು. ಮೂಲೆಯಲ್ಲಿ ನಮ್ಮ ಕರಿಯ ತಲೆ ತಗ್ಗಿಸಿ ಮುದುರಿಕೊಂಡಿತ್ತು. "ನೋಡೋ, ಮಾಡಿದ್ದು ತಾನೇ ಅಂತ ಮುಖದಾಗೇ ಬರದೈತೆ" ಎಂದರು ನಮ್ಮ ತಾತ. ಕೋಲು ಎತ್ತಿದವನು ನಾನು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿತ್ತುಹೋದ ಗೂಟ ಕಣ್ಣಿಗೆ ಬಿತ್ತು. ಪಡಸಾಲೆಯ ಮಣ್ಣಿನ ನೆಲದ ಮೇಲೆ ಕರುವಿನ ಗೊರಸಿನ ಗುರುತು, ಮಿಕ್ಕಿದ್ದ ಹಿಪ್ಪುನೇರಳೆ ಸೊಪ್ಪನ್ನು ಅದು ಮೇಯ್ದ ಕುರುಹು ಕಂಡವು. ತಪ್ಪು ಮಾಡಿದ್ದು ಕರು. ತಪ್ಪಿತಸ್ಥನ ಮುಖ ಹೊತ್ತದ್ದು ನಾಯಿ. ತಪ್ಪು ಮಾಡದ ನಾಯಿಗೆ ತಪ್ಪು ಮಾಡಿದ ಮುಖವು ಎಲ್ಲಿಂದ ಬಂದಿತು?

ಮೊದಲು ನಮ್ಮ ಮಾತುಗಳನ್ನು ಸ್ಪಷ್ಟಮಾಡಿಕೊಳ್ಳೋಣ. ಮನಶ್ಶಾಸ್ತ್ರಜ್ಞರು ಭಾವಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಭಯ, ಕೋಪ, ಸಂತೋಷ, ಜುಗುಪ್ಸೆ ಮೊದಲಾದವು ಮೂಲಭಾವಗಳು. ಇವು ಹುಟ್ಟಲು ಹೆಚ್ಚಿನ ಆಲೋಚನೆ ಬೇಕಿಲ್ಲ. ನಾಚಿಕೆ, ಹೆಮ್ಮೆ, ಪಶ್ಚಾತ್ತಾಪ ಮುಂತಾದವು ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿಯನ್ನು ಬೇಡುವ ಭಾವಗಳು. ಪಶ್ಚಾತ್ತಾಪಕ್ಕೆ ಮೂರು ಅಂಗಗಳು ಬೇಕು: ಇದು ಕೂಡದೆಂಬ ನಿಯಮದ ಅರಿವು, ಆ ನಿಯಮವನ್ನು ಮುರಿದವನು ನಾನೇ ಎಂಬ ನೆನಪು, ಹಾಗೆ ಮುರಿದುದಕ್ಕಾಗಿ ಮನಸ್ಸಿನ ನೋವು. ಪರೀಕ್ಷೆಯ ಕೊಠಡಿಯಲ್ಲಿ ನಕಲು ಮಾಡುತ್ತ ಮೇಲ್ವಿಚಾರಕರ ಕೈಗೆ ಸಿಕ್ಕಿಬಿದ್ದವನು ನಡುಗುತ್ತಾನೆ. ಆ ನಡುಕವು ಭಯ. ಯಾರ ಕೈಗೂ ಸಿಕ್ಕದೆ ತೇರ್ಗಡೆಯಾಗಿ, ಮನೆಯಲ್ಲಿ ಸಿಹಿ ಹಂಚುವಾಗ ತಾನು ಮಾತ್ರ ಅದನ್ನು ನುಂಗಲಾರದೆ ಕೂರುವವನಿದ್ದಾನಲ್ಲ, ಅವನದು ಪಶ್ಚಾತ್ತಾಪ. ಭಯಕ್ಕೆ ಎದುರಿಗೊಬ್ಬರು ಬೇಕು. ಪಶ್ಚಾತ್ತಾಪಕ್ಕೆ ತಾನೊಬ್ಬನೇ ಸಾಕು. ಈ ಎರಡೂ ಹೊರಗಿನಿಂದ ನೋಡುವವರಿಗೆ ಒಂದೇ ಮುಖವಾಗಿ ಕಾಣಬಹುದೆಂಬುದೇ ಇಲ್ಲಿರುವ ತೊಡಕು.

ನಾಯಿಗೆ ನಾಚಿಕೆಯುಂಟೆಂದು ಬಗೆದವರು ಸಾಮಾನ್ಯರು ಮಾತ್ರವಲ್ಲ. ಚಾರ್ಲ್ಸ್ ಡಾರ್ವಿನ್ನರು ೧೮೭೧ರಲ್ಲಿ ಪ್ರಕಟಿಸಿದ ಮಾನವನ ಅವತರಣವನ್ನು ಕುರಿತ ಗ್ರಂಥದಲ್ಲಿ, ನಾಯಿಯು ಭಯಕ್ಕಿಂತ ಬೇರೆಯಾದ ನಾಚಿಕೆಯನ್ನು ಅನುಭವಿಸುತ್ತದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಮರುವರ್ಷವೇ ಅವರು ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವಗಳು ವ್ಯಕ್ತವಾಗುವ ರೀತಿಯನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಬರೆದರು. ಮುಂದೆ ೧೯೭೩ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆಸ್ಟ್ರಿಯಾದ ಕಾನ್ರಾಡ್ ಲೊರೆಂಟ್ಸ್ ತಮ್ಮ ಬುಲ್ಲಿ ಎಂಬ ನಾಯಿಯ ಕಥೆಯನ್ನು ಹೇಳಿದ್ದಾರೆ. ಎರಡು ನಾಯಿಗಳ ಜಗಳ ಬಿಡಿಸಹೋದ ಅವರ ಕೈಯನ್ನು ಬುಲ್ಲಿ ತಿಳಿಯದೆ ಕಚ್ಚಿಬಿಟ್ಟಿತು. ಅವರು ಬಯ್ಯಲಿಲ್ಲ, ಹೊಡೆಯಲಿಲ್ಲ, ಸಮಾಧಾನವನ್ನೇ ಮಾಡಿದರು. ಆದರೂ ಅದು ಕುಸಿದುಹೋಗಿ ಕೆಲವು ದಿನ ಸರಿಯಾಗಿ ಆಹಾರ ಮುಟ್ಟಲಿಲ್ಲವಂತೆ. ಇದನ್ನು ಅವರು ಅಂತಸ್ಸಾಕ್ಷಿಯಂತಹ ಒಂದು ಗುಣವೆಂದೇ ಭಾವಿಸಿದರು.

ಇದಕ್ಕೆ ಎದುರಾಗಿ ನಿಲ್ಲುವ ಎಚ್ಚರಿಕೆಯ ಮಾತೂ ಹಳೆಯದೇ. ಇಂಗ್ಲೆಂಡಿನ ಲಾಯ್ಡ್ ಮಾರ್ಗನ್ ಎಂಬ ಪಂಡಿತರು ೧೮೯೪ರಲ್ಲಿ ಒಂದು ಸೂತ್ರವನ್ನು ಹಾಕಿಕೊಟ್ಟರು. ಪ್ರಾಣಿಯ ವರ್ತನೆಯನ್ನು ಸರಳವಾದ ಮನೋವ್ಯಾಪಾರದಿಂದ ವಿವರಿಸಲು ಸಾಧ್ಯವಿರುವಾಗ ಉನ್ನತವಾದುದನ್ನು ಆರೋಪಿಸಬಾರದೆಂಬುದು ಅದರ ಸಾರ. ಅವರ ನಾಯಿ ಟೋನಿ ತಲೆಯಿಂದ ಅಗುಳಿಯನ್ನೆತ್ತಿ ಗೇಟನ್ನು ತೆರೆಯುತ್ತಿತ್ತು. ನೋಡಿದವರು ಅದರ ಬುದ್ಧಿಗೆ ತಲೆದೂಗುತ್ತಿದ್ದರು. ಆದರೆ ಮೊದಲಿನಿಂದಲೂ ಗಮನಿಸಿದ್ದ ಮಾರ್ಗನ್ನರಿಗೆ ಗೊತ್ತಿತ್ತು: ಅದು ಕಂಬಿಗಳ ನಡುವೆ ತಲೆ ತೂರುತ್ತಿದ್ದಾಗ ಒಮ್ಮೆ ಆಕಸ್ಮಿಕವಾಗಿ ಅಗುಳಿ ಎದ್ದಿತ್ತು, ಅನೇಕ ಸಲದ ಅಭ್ಯಾಸದಿಂದ ಅದು ಕೈವಶವಾಯಿತು. ಕೊನೆಯ ನೋಟವನ್ನು ಮಾತ್ರ ಕಂಡವನು ಮೋಸಹೋಗುತ್ತಾನೆ. ಉರುಳಿದ ಚಂದ್ರಿಕೆಯನ್ನೂ ಮುದುರಿದ ನಾಯಿಯನ್ನೂ ಮಾತ್ರ ಕಂಡ ನನ್ನ ಸ್ಥಿತಿಯೂ ಹೀಗೆಯೇ ಆಗಿತ್ತಲ್ಲವೆ?

ಇನ್ನು ಪ್ರಯೋಗಗಳ ಕಡೆಗೆ ತಿರುಗೋಣ. ಅಮೆರಿಕದ ಪೀಟರ್ ವೋಲ್ಮರ್ ೧೯೭೭ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಮನೆಯ ನಾಯಿ ಒಡೆಯರಿಲ್ಲದಾಗ ಕಾಗದವನ್ನು ಹರಿದುಹಾಕಿ, ಅವರು ಬಂದಾಗ ತಪ್ಪಿತಸ್ಥನಂತೆ ಮುದುರುತ್ತಿತ್ತು. ವೋಲ್ಮರರ ಸೂಚನೆಯಂತೆ ಒಡೆಯರೇ ಕಾಗದವನ್ನು ಚೂರುಮಾಡಿ ನೆಲದ ಮೇಲೆ ಚೆಲ್ಲಿ ಹೊರಗೆ ಹೋಗಿಬಂದರು. ಏನೂ ಮಾಡದ ನಾಯಿ ಅಂದೂ ಹಾಗೆಯೇ ಮುದುರಿತು! ಅದು ಕಲಿತಿದ್ದ ಪಾಠ ಇಷ್ಟೆ: ನೆಲದ ಮೇಲೆ ಕಾಗದದ ಚೂರುಗಳಿದ್ದು ಒಡೆಯರೂ ಬಂದರೆ ಕಷ್ಟ. ಚೂರುಮಾಡಿದವರು ಯಾರೆಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಇದಕ್ಕಿಂತ ಕ್ರಮಬದ್ಧವಾದ ಪ್ರಯೋಗವು ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯದು. ಅದು ಪ್ರಕಟವಾದದ್ದು ೨೦೦೯ರಲ್ಲಿ. ೧೪ ನಾಯಿಗಳನ್ನು ಅವುಗಳ ಮನೆಗಳಲ್ಲಿಯೇ ಪರೀಕ್ಷಿಸಲಾಯಿತು. ಒಡೆಯನು ನಾಯಿಯ ಮುಂದೆ ಒಂದು ತಿಂಡಿಯನ್ನಿಟ್ಟು, ತಿನ್ನಕೂಡದೆಂದು ಆಜ್ಞಾಪಿಸಿ ಕೊಠಡಿಯಿಂದ ಹೊರಗೆ ಹೋಗುವನು. ಅವನಿಲ್ಲದಾಗ ಪರೀಕ್ಷಕಿಯು ಕೆಲವು ಸಲ ತಿಂಡಿಯನ್ನು ತೆಗೆದುಬಿಡುವಳು, ಕೆಲವು ಸಲ ನಾಯಿಗೆ ತಿನ್ನಿಸಿಬಿಡುವಳು. ಒಡೆಯನು ಹಿಂದಿರುಗಿದಾಗ ನಾಯಿ ತಿಂದಿತೆಂದೋ ತಿನ್ನಲಿಲ್ಲವೆಂದೋ ಅವನಿಗೆ ಹೇಳಲಾಗುತ್ತಿತ್ತು. ಆ ಮಾತು ಕೆಲವು ಸಲ ನಿಜ, ಕೆಲವು ಸಲ ಸುಳ್ಳು. ತಿಂದಿತೆಂದು ಕೇಳಿದರೆ ಅವನು ಗದರಿಸಬೇಕು. ಇಲ್ಲವೆಂದು ಕೇಳಿದರೆ ಪ್ರೀತಿಯಿಂದ ಮಾತನಾಡಿಸಬೇಕು.

ಫಲಿತಾಂಶವು ಮನನೀಯವಾಗಿದೆ. ಕಣ್ಣು ತಪ್ಪಿಸುವುದು, ಕಿವಿ ಹಿಂದಕ್ಕೊತ್ತುವುದು, ಬಾಲ ಇಳಿಬಿಡುವುದು, ನೆಲಕ್ಕೆ ಒರಗುವುದು, ತುಟಿ ನೆಕ್ಕುವುದು ಮೊದಲಾಗಿ ನಾವು ತಪ್ಪೊಪ್ಪಿಗೆಯೆಂದು ತಿಳಿಯುವ ಚೇಷ್ಟೆಗಳು ನಾಯಿಯು ತಿಂದಿತೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ. ಒಡೆಯನು ಗದರಿಸಿದನೋ ಇಲ್ಲವೋ ಎಂಬುದನ್ನು ಅವಲಂಬಿಸಿದ್ದವು. ಅಷ್ಟೇ ಅಲ್ಲ, ತಿನ್ನದೆ ಆಜ್ಞೆಯನ್ನು ಪಾಲಿಸಿ ಸುಮ್ಮನೆ ಬೈಗುಳ ತಿಂದ ನಾಯಿಗಳಲ್ಲಿಯೇ ಆ ಮುಖವು ಎಲ್ಲಕ್ಕಿಂತ ಹೆಚ್ಚಾಗಿ ಕಂಡಿತು. ಎಂದರೆ, ಹೆಗಲು ಮುಟ್ಟಿ ನೋಡಿಕೊಂಡದ್ದು ಕುಂಬಳಕಾಯಿ ಕದ್ದವನಲ್ಲ, ಕದಿಯದವನು!

ಬುಡಾಪೆಸ್ಟಿನ ವಿದ್ವಾಂಸರೊಡಗೂಡಿ ಜೂಲಿ ಹೆಕ್ಟ್ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಗದರಿಕೆಯಿಲ್ಲದಾಗ ತಪ್ಪು ಮಾಡಿದ ನಾಯಿಗೂ ಮಾಡದ ನಾಯಿಗೂ ಒಡೆಯರನ್ನು ಎದುರುಗೊಳ್ಳುವ ರೀತಿಯಲ್ಲಿ ಗಮನಾರ್ಹವಾದ ಭೇದ ಕಾಣಲಿಲ್ಲ. ೨೦೧೫ರಲ್ಲಿ ಕೇಂಬ್ರಿಜ್ಜಿನ ಲ್ಯೆರ್ಕಾ ಓಸ್ಟೋಯಿಚ್ ಮತ್ತು ಸಂಗಡಿಗರು, ನಾಯಿಯ ಕೃತ್ಯವಾಗಲಿ ಕೃತ್ಯದ ಕುರುಹಾಗಲಿ ಆ ಮುಖಕ್ಕೆ ಕಾರಣವೆಂದು ತೋರಿಬರಲಿಲ್ಲವೆಂದು ಹೇಳಿದರು. ಒಟ್ಟಿನಲ್ಲಿ, ನಾವು ಪಶ್ಚಾತ್ತಾಪವೆಂದು ಓದುವ ಮುಖವು ನಮ್ಮದೇ ಸಿಟ್ಟಿಗೆ ನಾಯಿಯು ಕೊಡುವ ಉತ್ತರ. ತನಗಿಂತ ಬಲಶಾಲಿಯಾದವನು ಮುನಿದಾಗ ತಗ್ಗಿ, ಬಗ್ಗಿ, ಸಂಧಿಯನ್ನು ಬೇಡುವ ಭಾಷೆ ಅದು. ನಾವು ಇನ್ನೂ ಬಾಯಿ ತೆರೆದಿರದಿದ್ದರೂ, ನಮ್ಮ ಹೆಜ್ಜೆಯ ಸದ್ದು, ಉಸಿರಿನ ಬಿರುಸು, ಮುಖದ ಗಂಟು ಅದಕ್ಕೆ ಸಾಕು. ಮನುಷ್ಯನು ಉದ್ವಿಗ್ನನಾದಾಗ ಅವನ ಬೆವರು ಉಸಿರುಗಳ ವಾಸನೆಯಲ್ಲಾಗುವ ವ್ಯತ್ಯಾಸವನ್ನು ನಾಯಿಗಳು ಗುರುತಿಸಬಲ್ಲವೆಂದು ಬೆಲ್‌ಫಾಸ್ಟಿನ ಸಂಶೋಧಕರು ೨೦೨೨ರಲ್ಲಿ ತೋರಿಸಿದ್ದಾರೆ. ಅಂದು ಉರುಳಿದ ಚಂದ್ರಿಕೆಯನ್ನು ಕಂಡು ತಾತನೂ ನಾನೂ ಹೊಸ್ತಿಲಲ್ಲಿ ನಿಂತಾಗಲೇ ಕರಿಯ ನಮ್ಮಿಬ್ಬರ ಮುಖವನ್ನು ಓದಿ ಮುಗಿಸಿರಬೇಕು. ಅದರ ಮುಖವನ್ನು ಓದಿದೆವೆಂದುಕೊಂಡ ನಾವು ತಪ್ಪಾಗಿ ಓದಿದೆವು. ನಮ್ಮ ಮುಖವನ್ನು ಅದು ಸರಿಯಾಗಿ ಓದಿತು.

ಹಾಗಾದರೆ ನಾಯಿಯು ಭಾವಹೀನವಾದ ಯಂತ್ರವೆ? ಎಂದಿಗೂ ಅಲ್ಲ. ಜಪಾನಿನ ಮಿಹೊ ನಾಗಸಾವ ಮತ್ತು ಸಂಗಡಿಗರು ೨೦೧೫ರಲ್ಲಿ ಒಂದು ಸಂಗತಿಯನ್ನು ಕಂಡುಹಿಡಿದರು. ನಾಯಿಯೂ ಒಡೆಯನೂ ಪರಸ್ಪರ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸದ ಪ್ರಮಾಣವು ಏರುತ್ತದೆ. ತಾಯಿಗೂ ಮಗುವಿಗೂ ನಡುವಣ ವಾತ್ಸಲ್ಯದಲ್ಲಿ ಕೆಲಸಮಾಡುವ ರಸವೂ ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಇದು ಕಂಡುಬರಲಿಲ್ಲ. ವಿಯೆನ್ನಾದ ಫ್ರೀಡರಿಕೆ ರಾಂಗೆ ಮತ್ತು ಸಂಗಡಿಗರ ೨೦೦೯ರ ಲೇಖನದ ಪ್ರಕಾರ, ಎರಡು ನಾಯಿಗಳು ಸರಿಸಮನಾಗಿ ಪಂಜ ಕೊಟ್ಟರೂ ಒಂದಕ್ಕೆ ಮಾತ್ರ ತಿಂಡಿ ಸಿಕ್ಕಿದರೆ, ಸಿಕ್ಕದ ನಾಯಿ ಬೇಗನೆ ಪಂಜ ಕೊಡುವುದನ್ನು ನಿಲ್ಲಿಸಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ೨೦೧೪ರಲ್ಲಿ ೩೬ ನಾಯಿಗಳ ಎದುರಿಗೆ ಒಡೆಯರು ಬೊಗಳುವ ಗೊಂಬೆನಾಯಿಯನ್ನು ಮುದ್ದಾಡಿದರು, ಒಂದು ಪುಸ್ತಕವನ್ನು ಓದಿದರು, ಕುಂಬಳಕಾಯಿಯ ಆಕಾರದ ಒಂದು ಬಕೆಟ್ಟನ್ನೂ ಮುದ್ದಿಸಿದರು. ನಾಯಿಗಳು ಒಡೆಯರನ್ನು ನೂಕಿ ನಡುವೆ ನುಸುಳಿದ್ದು ಗೊಂಬೆನಾಯಿಯ ಸರದಿಯಲ್ಲಿಯೇ ಹೆಚ್ಚು. ಅಸೂಯೆಯೆಂಬುದರ ಬೀಜವಾದರೂ ಅಲ್ಲಿರುವಂತಿದೆ. ನಮ್ಮ ದೇಶದ ಬೀದಿನಾಯಿಗಳ ಮೇಲೆಯೇ ಕೊಲ್ಕತ್ತದ ವಿಜ್ಞಾನ ಶಿಕ್ಷಣ ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ಶಿಷ್ಯರು ನಡೆಸಿದ, ೨೦೧೭ರಲ್ಲಿ ಪ್ರಕಟವಾದ ಅಧ್ಯಯನದ ಸಾರವೂ ಹೃದಯಂಗಮವಾಗಿದೆ: ಅಪರಿಚಿತನೊಬ್ಬನು ಮತ್ತೆಮತ್ತೆ ಬರುತ್ತಿದ್ದಾಗ, ತಿಂಡಿ ಕೊಡುವುದಕ್ಕಿಂತ ತಲೆ ಸವರುವುದೇ ಆ ನಾಯಿಗಳ ನಂಬಿಕೆಯನ್ನು ಹೆಚ್ಚಾಗಿ ಗಳಿಸಿತು.

ಭಯ, ಸಂತೋಷ, ಒಲವು, ಮುನಿಸು ಇವು ನಾಯಿಗುಂಟು, ಸಂದೇಹವಿಲ್ಲ. ಪಶ್ಚಾತ್ತಾಪದ ವಿಷಯದಲ್ಲಿ ಮಾತ್ರ ನಾವು ನಿಧಾನಿಸಬೇಕು. ಮುಖವು ಸಾಕ್ಷಿಯಾಗಲಾರದೆಂದು ಪ್ರಯೋಗಗಳು ತೋರಿಸಿವೆಯೇ ಹೊರತು, ನಾಯಿಯ ಒಳಗೆ ಪಶ್ಚಾತ್ತಾಪವೇ ಇಲ್ಲವೆಂದು ಸಿದ್ಧಪಡಿಸಿಲ್ಲ. ಹೊರೊವಿಟ್ಸರೂ ಹಾಗೆ ಸಾಧಿಸಿದೆನೆಂದು ಹೇಳಿಲ್ಲ. ಗದರದೆಯೇ ಕುಸಿದ ಬುಲ್ಲಿಯ ಕಥೆಯನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ; ಆದರೆ ಜಗಳದ ಆಘಾತವೂ ಭಯವೂ ಅಲ್ಲಿ ಬೆರೆತಿರಬಹುದಾದ್ದರಿಂದ ಒಂದೇ ಘಟನೆಯ ಮೇಲೆ ಸಿದ್ಧಾಂತವನ್ನು ಕಟ್ಟಲಾಗದು.

ಪಾಶ್ಚಾತ್ಯರ ಪ್ರಯೋಗಶಾಲೆ ಹೇಳಿದ ಈ ಮಾತನ್ನು ನಮ್ಮ ಹಿರಿಯರು ಕಥೆಯಲ್ಲಿ ಹೇಳಿದ್ದರು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂಬ ನಂಬಿಕೆಯಿಂದಾಗಿ ಬಕಾಸುರನ ಕಥೆ ನಮ್ಮ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಅದೇ ಆದಿಪರ್ವದ ಆರಂಭದಲ್ಲಿ ಬರುವ ನಾಯಿಯ ಕಥೆಯನ್ನು ಬಲ್ಲವರು ಕಡಿಮೆ. ಕುರುಕ್ಷೇತ್ರದಲ್ಲಿ ಜನಮೇಜಯನು ಯಾಗ ಮಾಡುತ್ತಿದ್ದಾಗ ದೇವಶುನಿ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ರಾಜನ ತಮ್ಮಂದಿರು ಅದನ್ನು ಬಡಿದಟ್ಟಿದರು. ಅದು ಅಳುತ್ತ ತಾಯಿಯ ಬಳಿಗೆ ಓಡಿ, ತಾನು ಹವಿಸ್ಸನ್ನು ನೆಕ್ಕುವುದಿರಲಿ, ಅದರತ್ತ ನೋಡಲೂ ಇಲ್ಲವೆಂದು ಹೇಳಿತು. ಸರಮೆಯು ಯಾಗಶಾಲೆಗೆ ಬಂದು, ತಪ್ಪು ಮಾಡದ ನನ್ನ ಮಗುವನ್ನು ಏಕೆ ಹೊಡೆದಿರೆಂದು ಕೇಳಿದಳು. ಯಾರಲ್ಲಿಯೂ ಉತ್ತರವಿರಲಿಲ್ಲ. ಕಾಣದ ಕಡೆಯಿಂದ ಭಯ ಬರಲೆಂದು ಅವಳು ಶಪಿಸಿದಳು, ರಾಜನು ಕಳವಳಗೊಂಡನು. ಕೊನೆಗೆ ಮಹಾಪ್ರಸ್ಥಾನದಲ್ಲಿ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಧರ್ಮರಾಯನು ನಿಲ್ಲುತ್ತಾನೆ. ಆ ಮಹಾಕಾವ್ಯದ ಬಾಗಿಲಲ್ಲಿ ನಿರಪರಾಧಿಯಾಗಿ ಏಟು ತಿಂದ ನಾಯಿ, ತುದಿಯಲ್ಲಿ ಕೈಬಿಡದೆ ಉಳಿಸಿಕೊಂಡ ನಾಯಿ.

ಕನ್ನಡನಾಡಿನ ಇತಿಹಾಸದಲ್ಲಿಯೂ ನಾಯಿಗೆ ಸಂದ ಗೌರವವೊಂದುಂಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಕ್ರಿ. ಶ. ೯೪೯-೫೦ರದು. ತಕ್ಕೋಲದ ಯುದ್ಧದ ಬಳಿಕ ಗಂಗರ ಬೂತುಗನು ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಆ ವೀರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಕೂಡಿ ಸತ್ತವು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಅಂದಿನವರು ಕಾಳಿಯನ್ನು ಅದರ ಕೃತ್ಯದಿಂದ ಅಳೆದು ಕಲ್ಲು ನೆಟ್ಟರು. ನಾನು ಕರಿಯನನ್ನು ಅದರ ಮುಖದಿಂದ ಅಳೆದು ಕೋಲೆತ್ತಿದೆ.

ಈ ವಿಚಾರದಿಂದ ಪ್ರಯೋಜನವೇನೆಂದು ಕೇಳಬಹುದು. ಮೊದಲನೆಯದು, ಆದಮೇಲೆ ಹೊಡೆಯುವುದರಿಂದ ನಾಯಿ ಏನನ್ನೂ ತಿದ್ದಿಕೊಳ್ಳುವುದಿಲ್ಲ. ಬೆಳಗಿನ ಕೆಲಸಕ್ಕೂ ಸಂಜೆಯ ಏಟಿಗೂ ಅದು ಸಂಬಂಧ ಕಲ್ಪಿಸಲಾರದು, ನಮ್ಮ ಆಗಮನಕ್ಕೇ ಹೆದರಲು ಕಲಿಯುತ್ತದೆ. ಕಲಿಸಬೇಕಾದರೆ ಕೆಲಸ ನಡೆಯುತ್ತಿರುವಾಗಲೇ ತಡೆಯಬೇಕು, ಸರಿಯಾದುದನ್ನು ಮಾಡಿದೊಡನೆ ಮೆಚ್ಚಬೇಕು. ಎರಡನೆಯದು, ಹೆದರಿ ಮೂಲೆ ಸೇರಿದ ನಾಯಿಯನ್ನು ತಪ್ಪೊಪ್ಪಿದೆಯೆಂದು ಬಗೆದು ಕೈಯೆತ್ತಿ ಮುನ್ನುಗ್ಗುವವನು ಕಚ್ಚಿಸಿಕೊಳ್ಳುವ ಸಂಭವವುಂಟು; ತಪ್ಪಿಸಿಕೊಳ್ಳಲು ದಾರಿಯಿಲ್ಲದ ಭಯವೇ ಹಲ್ಲನ್ನು ತೋರಿಸುತ್ತದೆ. ಮೂರನೆಯದು, ಪ್ರಾಣಿಗಳಿಗೆ ವೃಥಾ ಹಿಂಸೆ ಕೊಡುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಜೀವಿಗಳಲ್ಲಿ ದಯೆಯಿಡುವುದು ೧೯೭೬ರ ತಿದ್ದುಪಡಿಯ ನಂತರ ಸಂವಿಧಾನವು ಹೇಳುವ ಮೂಲಭೂತ ಕರ್ತವ್ಯಗಳಲ್ಲೊಂದು.

ಇವೆಲ್ಲಕ್ಕೂ ಮಿಗಿಲಾದುದು ಇನ್ನೊಂದಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ, ೧೯೭೨ರಿಂದ ೧೯೭೭ರ ವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಬಾಳಿನುದ್ದಕ್ಕೂ ಬೋಧಿಸಿದರು. ಪ್ರಶ್ನಿಸುವುದೆಂದರೆ ಪವಾಡಗಳನ್ನು ಮಾತ್ರ ಪ್ರಶ್ನಿಸುವುದೆಂದು ನಾವು ತಿಳಿದಿದ್ದೇವೆ. ನಮ್ಮ ಕಣ್ಣಿಗೆ ಸ್ವತಃಸಿದ್ಧವಾಗಿ ಕಾಣುವ ಒಂದು ನಾಯಿಯ ಮುಖವನ್ನೂ ಪ್ರಶ್ನಿಸಬೇಕೆಂಬುದು ನನಗೆ ಹೊಳೆದದ್ದು ತಡವಾಗಿ. ನಾಯಿಯ ಮಾತು ಹಾಗಿರಲಿ. ತರಗತಿಯಲ್ಲಿ ಗದರಿದೊಡನೆ ತಲೆ ತಗ್ಗಿಸಿದ ಹುಡುಗ, ಮನೆಯಲ್ಲಿ ಹಣ ಕಳೆದಾಗ ಮಾತು ತೊದಲಿದ ಆಳು, ಇವರ ಮುಖವನ್ನೂ ನಾವು ಇದೇ ಗಾದೆಯಿಂದ ಅಳೆಯುತ್ತೇವಲ್ಲವೆ? ಹೆದರಿದವನೆಲ್ಲ ಕಳ್ಳನಲ್ಲ.

ಅಂದಿನ ರಾತ್ರಿ ಕರಿಯ ಎಂದಿನಂತೆ ಬಂದು ನನ್ನ ಮಂಚದ ಕಾಲಬಳಿ ಮಲಗಿತು. ಅದು ಕ್ಷಮೆಯೋ ಬರಿಯ ಅಭ್ಯಾಸವೋ, ಮಾರ್ಗನ್ನರ ಸೂತ್ರವನ್ನು ಓದಿದ ಮೇಲೆ ಹೇಳಲು ಧೈರ್ಯ ಸಾಲದು. ಆದರೆ ಯಾರೂ ಗದರಿಸದಿದ್ದರೂ, ಯಾರೂ ನೋಡದಿದ್ದರೂ, ಕತ್ತಲಲ್ಲಿ ನಿದ್ದೆಯಿಲ್ಲದೆ ಹೊರಳಾಡಿದವನು ನಾನು. ನಾಯಿಗೆ ಪಶ್ಚಾತ್ತಾಪವುಂಟೋ ಇಲ್ಲವೋ, ಆ ರಾತ್ರಿ ನಮ್ಮ ಮನೆಯಲ್ಲಿ ಅದು ಯಾರಿಗೆ ಇದ್ದಿತೆಂಬುದು ನನಗೆ ನಿಶ್ಚಯವಾಗಿ ಗೊತ್ತು.